ಒಂದು ರೂಪಾಯಿಗೆ ಹನ್ನೆರಡು ರೂಪಾಯಿ

ಹನ್ನೆರಡೇ ಇರಬೇಕು. ಹದಿನಾಲ್ಕು ಅಂತ ನನ್ನ ತಂಗಿ ಹೇಳುತ್ತಾಳೆ, ಆದರೆ ಅವಳು ಆ ದಿನ ಅಲ್ಲಿರಲೇ ಇಲ್ಲ. ನಾನು ಅಲ್ಲಿದ್ದೆ. ಅಲ್ಲಿದ್ದವರ ನೆನಪು ನಿಜ ಅಂತ ಯಾರು ಹೇಳಿದ್ದು? ಅದೂ ಗೊತ್ತಿಲ್ಲ. ಹನ್ನೆರಡು ಎಂದೇ ಇಟ್ಟುಕೊಳ್ಳೋಣ. ಜಗತ್ತಿನಲ್ಲಿ ಹನ್ನೆರಡು ರೂಪಾಯಿ ಕೊಟ್ಟು ಒಂದು ರೂಪಾಯಿ ಕೊಂಡು, ಲಾಭ ಮಾಡಿದೆ ಎಂದು ಎದೆ ಉಬ್ಬಿಸಿಕೊಂಡು ನಡೆದ ಒಬ್ಬನೇ ಮನುಷ್ಯ ನನ್ನ ಸೋದರಮಾವ!

ಮಾವ ಮಾಗಡಿ ರಸ್ತೆಯ ಒಂದು ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಮನೆ ಸುಂಕದಕಟ್ಟೆಯಲ್ಲಿ. ಸುತ್ತ ರಾಗಿ ಹೊಲ, ನಡುವೆ ಇವರದು. ಎರಡು ಕೋಣೆಗೆ ಹೆಂಚು, ಅಡುಗೆಮನೆಗೆ ಮಾತ್ರ ತಗಡು. ತಗಡಿಗೆ ತೂತು. ಮಳೆ ಬಂದರೆ ಅತ್ತೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೌಟು ಹಿಡಿದು ಅಡುಗೆ ಮಾಡುತ್ತಿದ್ದರು.

"ಸಾರಿಗೆ ನೀರು ನಾನು ಹಾಕೋದೇ ಇಲ್ಲ ಕಣೋ. ಮೇಲಿಂದ ಅವನೇ ಹಾಕ್ತಾನೆ. ಎಷ್ಟು ಹಾಕ್ತಾನೆ ಅನ್ನೋದೊಂದೇ ಚಿಂತೆ."

ಹೆಂಚಿಗೆಂದು ಅತ್ತೆ ಎತ್ತಿಟ್ಟ ದುಡ್ಡೆಲ್ಲ ಮಾವನ ಪೆಟ್ಟಿಗೆಯಲ್ಲಿ ಬೆಳ್ಳಿ ರೂಪಾಯಿಗಳಾಗಿ ಮಲಗಿತ್ತು. ರಾಣಿಯ ತಲೆಯವು, ಗಡ್ಡದ ರಾಜನವು, ಗಡ್ಡವಿಲ್ಲದ ರಾಜನವು. ಒಂದೊಂದನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ನನಗೆ ತೋರಿಸುವಾಗಲೂ ಅಂಚು ಹಿಡಿಯಬೇಕು, ಮುಖ ಮುಟ್ಟಕೂಡದು, ಉಸಿರು ಬಿಗಿಹಿಡಿಯಬೇಕು. "ಆ ಕಪ್ಪು ಇದೆಯಲ್ಲ, ಅದೇ ಅದರ ವಯಸ್ಸು. ಉಜ್ಜಿದರೆ ಸತ್ತುಹೋಯ್ತು!" ಈ ಪಾಠವನ್ನು ಮಿಲ್ಲಿನಲ್ಲಿ ಹೇಳಿದರು, ಕ್ಷೌರದಂಗಡಿಯಲ್ಲಿ ಹೇಳಿದರು, ಹೆಗ್ಗನಹಳ್ಳಿಯಿಂದ ಹಾಲು ತರುವವನನ್ನೂ ನಿಲ್ಲಿಸಿ ಹೇಳಿದರು. ಹೆಂಡತಿಗೊಬ್ಬಳಿಗೆ ಹೇಳಲಿಲ್ಲ. ಹೇಳಹೊರಟರೆ ಎಷ್ಟು ಕೊಟ್ರಿ ಎಂಬ ಪ್ರಶ್ನೆ ಬರುತ್ತಿತ್ತು.

ಕೆಂಗೇರಿಯಲ್ಲಿ ನಮ್ಮ ಕಡೆಯವರ ಒಂದು ಮದುವೆ. ಮುಯ್ಯಿ ಬರೆಯುತ್ತಿದ್ದರು. ತಟ್ಟೆಯಲ್ಲಿ ಯಾರೋ ಹಾಕಿದ ರಾಣಿ ತಲೆಯ ರೂಪಾಯಿ ಮಾವನ ಕಣ್ಣಿಗೆ ಬಿತ್ತು. ಐದರ ನೋಟು ಹಾಕಿ ಆ ರೂಪಾಯಿ ಎತ್ತಿಕೊಂಡರು! ಮುಯ್ಯಿ ಬರೆಯುವ ಮುದುಕರು ಅವರ ಮುಂಗೈಯನ್ನೇ ಹಿಡಿದುಬಿಟ್ಟರು.

"ಏನ್ರೀ ಇದು? ಮುಯ್ಯಿ ಮಾಡೋಕೆ ಬಂದ್ರೋ, ಚಿಲ್ಲರೆ ಮಾಡಿಸೋಕೆ ಬಂದ್ರೋ?"

"ಐದು ಹಾಕಿದೀನಲ್ಲ ಸ್ವಾಮಿ!"

"ಹಾಕಿದ್ದು ಕಾಣ್ಸುತ್ತೆ, ತೆಗೆದಿದ್ದೂ ಕಾಣ್ಸುತ್ತೆ." ಮುದುಕರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದುತ್ತ ಬರೆದರು: "ಐದು ರೂಪಾಯಿ ಮುಯ್ಯಿ. ಒಂದು ರೂಪಾಯಿ ಹೊತ್ತುಕೊಂಡು ಹೋದರು."

ಚಪ್ಪರವೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಆ ನಾಲ್ಕು ರೂಪಾಯಿಗೆ ಎಷ್ಟು ಹೆಂಚು ಬರುತ್ತೆ ಅಂತ ಲೆಕ್ಕ ಹಾಕುತ್ತಿದ್ದರೆಂದು ನನ್ನ ಊಹೆ.

ನಾನಾಗ ಇಂಟರ್‌ಮೀಡಿಯೆಟ್ ಓದುತ್ತಿದ್ದೆ, ಅರ್ಥಶಾಸ್ತ್ರ ಬೇರೆ! ಮಾವನನ್ನು ತಿದ್ದುವ ಭಾರ ನನ್ನ ಮೇಲಿದೆ ಅಂದುಕೊಂಡಿದ್ದೆ.

"ಮಾವ, ಕರಗಿಸಿದರೆ ಅದರಲ್ಲಿರೋ ಬೆಳ್ಳಿ ಒಂದೂವರೆ ರೂಪಾಯಿದು. ಮಿಕ್ಕಿದ್ದು ಯಾತಕ್ಕೆ ಕೊಟ್ರಿ?"

"ನಿನ್ನ ಸರ್ಟಿಫಿಕೇಟು ತೂಕಕ್ಕೆ ಹಾಕಿದರೆ ಎಷ್ಟಾಗುತ್ತೆ? ಕಡಲೇಕಾಯಿ ಕಟ್ಟೋಕೂ ಸಾಲದು. ಅದಕ್ಯಾಕೆ ಫೀಸು ಕಟ್ತೀಯೋ?"

ಇದಕ್ಕೆ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ. ಅತ್ತೆಗೆ ಮಾತ್ರ ಆಗಲೇ ಹೊಳೆದಿತ್ತು. ಒಲೆ ಊದುತ್ತಲೇ ಅಂದರು: "ನನ್ನ ಕತ್ತಿನ ರೂಪಾಯಿ ಮಾರಿದಾಗ ಯಾಕೆ ಬರೀ ತೂಕಕ್ಕೆ ಕೊಟ್ರು ಹಂಗಾದ್ರೆ? ಕೊಂಡಿ ಬೆಸೆದಿದೆ ಅಂತ ಅದರಲ್ಲೂ ಎರಡಾಣೆ ಮುರ್ಕೊಂಡ್ರು. ನಾವು ಮಾರುವಾಗ ತೂಕದ ಬೆಲೆ, ನೀವು ಕೊಳ್ಳುವಾಗ ವಯಸ್ಸಿನ ಬೆಲೆ. ಯಾವ ಊರಿನ ನ್ಯಾಯಾರೀ ಇದು?"

ಅತ್ತೆಯ ತಾಯಿ ಒಂದು ಬೆಳ್ಳಿ ರೂಪಾಯಿಗೆ ಕೊಂಡಿ ಹಾಕಿಸಿ, ಕರಿದಾರದಲ್ಲಿ ಮಗಳ ಕತ್ತಿಗೆ ಕಟ್ಟಿದ್ದರಂತೆ. ಈ ಊರಿಗೆ ಬಂದ ವರ್ಷ, ಬಾಡಿಗೆ ಮನೆಯ ಮುಂಗಡಕ್ಕೆ ಚೂರು ಕಡಿಮೆ ಬಿದ್ದು, ಅದನ್ನು ಮಾರಿದ್ದರು. ಮಾರಿಕೊಂಡು ಬಂದವರು ಮಾವ. ಹೀಗಾಗಿ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಆ ವರ್ಷ ಮಳೆಗೆ ಹದಿನೈದು ದಿನ ಇರುವಾಗ ನನ್ನನ್ನು ಕರೆದುಕೊಂಡು ಪೇಟೆಗೆ ಹೋದರು. ಹೆಂಚು ತರೋಕೆ ಅಂತ ನಾನು ನಂಬಿದ್ದೆ! ಹೋಗಿ ಕೂತಿದ್ದು ಹಳೇ ಬೆಳ್ಳಿಯ ಅಂಗಡಿಯಲ್ಲಿ. ಗುಡ್ಡೆಯೊಳಗಿಂದ ಒಂದು ರೂಪಾಯಿ ಎತ್ತಿದರು. ಅಂಚಿನಲ್ಲಿ ಬೆಸುಗೆ ಕಿತ್ತ ಗಾಯ. ಬೆಸುಗೆ ಬಿದ್ದ ನಾಣ್ಯ ಮನೆಗೆ ತರಬಾರದು ಅಂತ ನನಗೆ ಹೇಳಿಕೊಟ್ಟವರೇ ಅವರು! ಆದರೆ ಅದನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. ಅಂಗಡಿಯವನು ನಾಣ್ಯ ನೋಡಲೇ ಇಲ್ಲ, ಮಾವನ ಮುಖ ನೋಡಿ ಬೆಲೆ ಹೇಳಿದ.

"ಹನ್ನೆರಡು."

ಮಾವ ಚೌಕಾಸಿ ಕೂಡ ಮಾಡಲಿಲ್ಲ. ದಾರಿಯುದ್ದಕ್ಕೂ ನಾನು ಕೂಗಾಡಿದೆ. "ತೂಕಕ್ಕೂ ಬೆಲೆಯಿಲ್ಲ, ವಯಸ್ಸಿಗೂ ಇಲ್ಲ, ಇದಕ್ಯಾಕೆ ಮಾವ?" ಅವರು ಬಸ್ಸು ಬಂತಾ ನೋಡು ಅಂದರು.

ಅತ್ತೆಗೆ ವಿಷಯ ಹೋಯಿತು. ಹೇಳಿದವನು ನಾನೇ. ಅತ್ತೆ ಕೂಗಾಡಲಿಲ್ಲ. "ಮಳೆ ಬರೋದರೊಳಗೆ ಹೆಂಚು ಬರಬೇಕು. ಇಲ್ಲದಿದ್ರೆ ಒಲೆ ಹಚ್ಚೋದು ನಿಮ್ಮ ಪೆಟ್ಟಿಗೆ ಮೇಲೆ" ಅಂದರು. ಮಾವ ಸೋತರು. ನಾಣ್ಯ ಕೊಳ್ಳುವ ಒಬ್ಬ ವ್ಯಾಪಾರಿಯನ್ನು ಭಾನುವಾರ ಬನ್ನಿ ಅಂದರು. ಶನಿವಾರ ಪೆಟ್ಟಿಗೆಯ ಬೀಗದ ಕೈ ಅತ್ತೆಯ ಮುಂದಿಟ್ಟು, "ನೋಡಿಕೋ, ಎಲ್ಲಾ ಕೊಟ್ಟುಬಿಡ್ತೀನಿ" ಎಂದು ಮಿಲ್ಲಿಗೆ ಹೋದರು.

ಭಾನುವಾರ ವ್ಯಾಪಾರಿ ಬಂದ, ಚಾಪೆಯ ಮೇಲೆ ಕೂತ, ಭೂತಗನ್ನಡಿ ತೆಗೆದ. ಅತ್ತೆ ಹಿತ್ತಾಳೆ ತಟ್ಟೆ ತಂದಿಟ್ಟರು. ವೀಳ್ಯದೆಲೆ ಹಾಸಿ, ಮೇಲೆ ಐವತ್ತೋ ಅರವತ್ತೋ ರೂಪಾಯಿ. ಒಂದೊಂದೂ ಫಳಫಳ! ಹುಣಸೆಹಣ್ಣು, ಒಲೆ ಬೂದಿ ಹಾಕಿ ಉಜ್ಜಿ, ತೊಳೆದು, ಒರೆಸಿ, ಹೆಣ್ಣು ನೋಡಲು ಬಂದವರ ಮುಂದೆ ಕೂರಿಸುವ ಹಾಗೆ ಕೂರಿಸಿದ್ದರು. ರಾಣಿಗೆ ಮೂಗು ಸವೆದಿತ್ತು.

ಮಾವನ ಬಾಯಿಂದ ಒಂದು ಶಬ್ದ ಬಂತು. ಅದನ್ನು ಬರೆಯುವ ಅಕ್ಷರ ಕನ್ನಡದಲ್ಲಿಲ್ಲ.

"ಹೊರಗಿನವರು ಮನೆಗೆ ಬಂದಾಗ ಕೊಳೆ ತೋರಿಸೋದಾ?" ಅತ್ತೆ ಅಂದರು, ನಿಜವಾಗಿಯೂ ಆಶ್ಚರ್ಯದಿಂದ.

ವ್ಯಾಪಾರಿ ಭೂತಗನ್ನಡಿ ಮಡಿಸಿ ಜೇಬಿಗಿಟ್ಟ. "ತಕ್ಕಡಿ ಇದ್ರೆ ತನ್ನಿ ತಾಯಿ. ಇನ್ನು ಇದು ತೂಕದ ಮಾಲು."

ಅಂದರೆ ಇಷ್ಟು ವರ್ಷ ನಾವು ಬೆಳ್ಳಿಯ ಮೇಲೆ ಕೊಟ್ಟ ಹೆಚ್ಚಿನ ಬೆಲೆಯೆಲ್ಲ ಕೊಳೆಗೆ! ಅತ್ತೆ ಅದನ್ನು ಒಂದು ಮಧ್ಯಾಹ್ನದಲ್ಲಿ ಬಚ್ಚಲಿಗೆ ಬಿಟ್ಟಿದ್ದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತೂಕಕ್ಕೆ ಬಂದ ದುಡ್ಡಿನಲ್ಲಿ ಒಲೆಯ ಮೇಲಕ್ಕೆ ಹೆಂಚು ಬಂತು. ನೀರಿನ ಕೊಳಗಗಳ ಮೂಲೆಗೆ ಸಾಲಲಿಲ್ಲ. ಕೊಳಗದೊಳಗೆ ತಾನೇ ಸೋರೋದು, ಸೋರಲಿ ಬಿಡು ಅಂದರು ಅತ್ತೆ.

ವ್ಯಾಪಾರಿ ಏಳುವಾಗ ಕೇಳಿದ, "ಇನ್ನೇನಾದ್ರೂ ಇದೆಯಾ ಸ್ವಾಮಿ?"

ನಾನು ಸುಮ್ಮನಿರಬೇಕಿತ್ತು. "ಹನ್ನೆರಡು ರೂಪಾಯಿದು ಒಂದಿದೆಯಲ್ಲ ಮಾವ!" ಅಂದೆ. ಮಾವ ಸೊಂಟದಿಂದ ಅದನ್ನು ತೆಗೆದರು, ಯಾಕೆ ತೆಗೆದರೋ. ವ್ಯಾಪಾರಿ ಬೆಸುಗೆಯ ಗಾಯ ಮುಟ್ಟಿ, "ಇದು ತೂಕಕ್ಕೂ ಎರಡಾಣೆ ಕಮ್ಮಿ" ಅಂದ.

"ಕೊಡೋದಿಲ್ಲ" ಅಂದರು ಮಾವ.

ಆಗ ಅತ್ತೆ ಕೈ ಚಾಚಿ ಅದನ್ನು ತೆಗೆದುಕೊಂಡರು. ಅಂಚಿನ ಮೇಲೆ ಹೆಬ್ಬೆರಳು ಒಂದು ಸುತ್ತು ಹೋಯಿತು, ಗಾಯದ ಹತ್ತಿರ ನಿಂತಿತು.

"ಇದನ್ನ ನಾನು ತೊಳೆದಿಲ್ಲ."

"ತೊಳೀಬೇಡ ಕಣೇ" ಅಂದರು ಮಾವ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಅದನ್ನು ಕತ್ತಿನ ಹತ್ತಿರ ಹಿಡಿದು ನೋಡಿಕೊಂಡರು ಎಂದು ಬರೆದರೆ ಚೆನ್ನಾಗಿರುತ್ತದೆ. ಎಷ್ಟೋ ಸಲ ಹಾಗೇ ಹೇಳಿಕೊಂಡು ತಿರುಗಿದ್ದೇನೆ ಕೂಡ. ಆದರೆ ನಾನು ನೋಡಲಿಲ್ಲ. ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದು ಅಡುಗೆಮನೆಗೆ ಹೋದರು, ಅಷ್ಟೇ ನಾನು ಕಂಡದ್ದು.

ಎಷ್ಟೋ ವರ್ಷದ ಮೇಲೆ ಮಾವನನ್ನು ಕೇಳಿದೆ, "ಅದೇ ರೂಪಾಯಿ ಅಂತ ಹೆಂಗೆ ಗುರುತು ಹಿಡಿದ್ರಿ?"

"ಹಿಡಿದೆ ಅಂತ ನಿನಗ್ಯಾರೋ ಹೇಳಿದ್ದು?"

ಕೊಂಡಿ ಕಿತ್ತ ಬೆಳ್ಳಿ ರೂಪಾಯಿ ಆ ಪೇಟೆಯಲ್ಲಿ ಎಷ್ಟಿದ್ದವೋ. ಅದು ಅತ್ತೆಯದೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಅತ್ತೆಗೆ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. ಹನ್ನೆರಡು ರೂಪಾಯಿ ಹೆಚ್ಚಾಯಿತೋ ಕಡಿಮೆಯಾಯಿತೋ, ಅದೂ ಗೊತ್ತಿಲ್ಲ.