ಕೈ ನೆನೆಸಿದ ಕಥೆಗಾರ

ನನ್ನ ಐದೂ ಬೆರಳು ಹುರುಳಿಸಾರಿನಲ್ಲಿ ಮುಳುಗಿ, ಬಾಯಲ್ಲಿ ರಾಗಿ ಕಳಿಯ ದೊಡ್ಡ ತುತ್ತು ಇದ್ದ ಹೊತ್ತಿನಲ್ಲೇ ನನ್ನ ಹೆಂಡತಿ ಸುಗುಣಾ ಅಡುಗೆಮನೆ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಅಡುಗೆಮನೆ ನಮ್ಮದಲ್ಲ. ಪಾಲಕೋಡ್‌ನ ಸಿದ್ದಲಕ್ಷ್ಮಮ್ಮನವರದು. ಅವರ ಮಗಳು ಭಾಗ್ಯಲಕ್ಷ್ಮಿಯನ್ನು ನಮ್ಮ ಮಗ ಕಾರ್ತಿಕೇಯನ್‌ಗೆ ನೋಡಲೆಂದು ಸೇಲಂನಿಂದ ಬಂದಿದ್ದೆವು.

ನಮ್ಮ ಕಡೆ ಹೆಣ್ಣು ನೋಡಲು ಹೋದವರು ಕಾಫಿ ಕುಡಿಯಬಹುದು, ಊಟಕ್ಕೆ ಕೈ ನೆನೆಸುವಂತಿಲ್ಲ. ನೆನೆಸಿದರೆ ಸಂಬಂಧ ಒಪ್ಪಿದಂತೆ. ಬಸ್ಸಿನ ದಾರಿಯುದ್ದಕ್ಕೂ ಸುಗುಣಾಳದು ಒಂದೇ ಜಪ: "ಇನ್ನೆರಡು ಕಡೆ ನೋಡಾದೈತೆ. ಬಾಯಿ ಕಟ್ಕೊಂಡು ಕೂತ್ಕೊಳ್ರೀ."

ಬಾಯಿ ಕಟ್ಟಬಹುದು, ಸಾಹಿತ್ಯವನ್ನು ಕಟ್ಟಿಹಾಕುವುದು ಹೇಗೆ? ಈಚೆಗೆ ಒಬ್ಬ ಸಂಪಾದಕರು ನನ್ನ ಕಥೆ ಹಿಂದಿರುಗಿಸಿ, "ನಿಮ್ಮ ಕಥೆಯ ಜನ ಏನೂ ತಿನ್ನುವುದಿಲ್ಲ, ಅದಕ್ಕೇ ಸತ್ತಂತಿದ್ದಾರೆ" ಎಂದಿದ್ದರು. (ನಿಜ. ನವರಸವಿರಲಿ, ತಿಳಿಸಾರೂ ಇರಲಿಲ್ಲ.) ಯಾರ ತಟ್ಟೆಗೆ ತುಪ್ಪ, ಯಾರ ತಟ್ಟೆಗೆ ತಳ ಹಿಡಿದ ಸೀಕು, ಇಷ್ಟು ಬರೆದರೆ ಸಾಕು, ಮನುಷ್ಯರೂ ಅವರ ನಂಟೂ ಎದ್ದು ಕೂರುತ್ತವೆ ಎಂದು ಜ್ಞಾನೋದಯವಾಯಿತು. ಪಾತ್ರದ ಪರಿಚಯಕ್ಕೆ ಪಾತ್ರೆಯ ಪರಿಚಯವೇ ರಾಜಮಾರ್ಗ!

ಹಿತ್ತಲಿಗೆ ಹೋಗುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ, "ಒಂಚೂರು ರುಚಿ ನೋಡ್ಲಾ?" ಎಂದೆ. ಸಿದ್ದಲಕ್ಷ್ಮಮ್ಮ ಬೆಪ್ಪಾಗಿ ನಿಂತರು. ಆಮೇಲೆ ಕಳಿ ಉಂಡೆ ಇಟ್ಟು, ಸಾರು ಸುರಿದು, ಕೇಳದೆಯೇ ತುಪ್ಪ ಹಾಕಿದರು. ಆಹಾ, ಎಂಥ ಪಾತ್ರ! ಈ ತಾಯಿಗೆ ನಮ್ಮ ಹುಡುಗ ಹಿಡಿಸಿಬಿಟ್ಟಿದ್ದಾನೆ ಎಂದು ಆ ತುಪ್ಪದಲ್ಲೇ ಓದಿಕೊಂಡೆ.

"ರೀ! ಏನ್ರೀ ಇದು?"

"ಪಾತ್ರಪೋಷಣೆ ಕಣೇ."

"ಒಟ್ಟೆ ಪೋಷಣೆ! ನೀವು ಓದಿದ್ ಕಾನ್ವೆಂಟ್ನಾಗೆ ನಿಮ್ಗೆ ಸ್ಪೂನ್ ಇಡ್ಕೊಳಾದು ಕಲ್ಸಿದ್ರಲ್ಲಾ, ಇವತ್ತು ಎಲ್ಲೋಗಿತ್ತು ಆ ಸ್ಪೂನು?"

(ಕಳಿಯನ್ನು ಸ್ಪೂನಿನಲ್ಲಿ ಉಣ್ಣುವ ವಿದ್ಯೆ ಸಿಸ್ಟರ್‌ಗಳಿಗೂ ಗೊತ್ತಿರಲಿಲ್ಲ.)

ಅಷ್ಟರಲ್ಲಿ ಹೆಣ್ಣಿನ ತಾತ ಅಣ್ಣಯ್ಯಪ್ಪ ಒಳಗೆ ಇಣುಕಿದರು. ನನ್ನ ಕೈ ನೋಡಿ ನಡುಮನೆಯತ್ತ ಕೂಗಿದರು: "ಸಮ್ಮಂದಿ ಕೈ ನೆನ್ಸ್‌ಬುಟ್ರು! ಎಲೆ ಆಕ್ರಮ್ಮಾ ಎಲ್ಲಾರ್ಗೂ!"

ಮುಗಿಯಿತು. ಒಂದೇ ತುತ್ತಿಗೆ ನಾನು ಬೀಗನಾದೆ. ಎಲೆಯ ಮುಂದೆ ಕುಳಿತ ಕಾರ್ತಿಕೇಯನ್ ನನ್ನ ಕಿವಿಯಲ್ಲಿ "ಸೂಪರ್ ಅಪ್ಪಾ" ಎಂದ. ಬಡಿಸುತ್ತಿದ್ದ ಭಾಗ್ಯಲಕ್ಷ್ಮಿ ಅವನೆಲೆಗೆ ಮಾತ್ರ ಎರಡು ವಡೆ ಹಾಕಿದಳು. ದುರುಗುಟ್ಟುತ್ತಿದ್ದ ಸುಗುಣಾ ಕೂಡ ಮತ್ತೊಮ್ಮೆ ಸಾರು ಹಾಕಿಸಿಕೊಂಡು, "ಉಡುಗಿ ಲಚ್ಚಣವಾಗೇ ಅವ್ಳೆ ಬಿಡ್ರೀ" ಎಂದಳು.

ಇಂಥ ಜೀವಂತ ಅಧ್ಯಾಯವನ್ನು ಯಾವ ಸಂಪಾದಕ ಹಿಂದಿರುಗಿಸಿಯಾನು? ಕೈ ತೊಳೆಯುವಾಗ ನೀರು ಹಾಕುತ್ತಿದ್ದ ಸಿದ್ದಲಕ್ಷ್ಮಮ್ಮನವರನ್ನು ಎದೆಯುಬ್ಬಿಸಿ ಕೇಳಿದೆ: "ನನಗೆ ಬಡಿಸುವಾಗಲೇ ನಮ್ಮ ಹುಡುಗ ನಿಮಗೆ ಒಪ್ಪಿಗೆಯಾಗಿದ್ದ, ಅಲ್ವೇನಮ್ಮಾ?"

"ಎಲ್ಲೀದಣ್ಣಾ!" ಎಂದರು ಅವರು. "ಈ ಸಮ್ಮಂದ ಬ್ಯಾಡ ಅಂತ ಏಳಾಕೆ ಮಾತು ಜೋಡುಸ್ತಾ ನಿಂತಿದ್ದೆ. ಅಷ್ಟ್ರಾಗೆ ನೀವು ಬಂದು ತಟ್ಟೆ ಮುಂದೆ ಕುಂತ್ಬುಟ್ರಿ. ಉಣ್ತಾ ಇರೋರ್ನ ಎಂಗಣ್ಣಾ ಎಬ್ಸಾದು?"