ಲಗಮಪ್ಪ ಮಾಸ್ತರರ ಗೌರವಾರ್ಥ ಆಟದ ಬಗ್ಗೆ ಎದ್ದ ಸಂಶಯಗಳ ವಿಲೇವಾರಿ

ರಸಿಕರ ಸಂಶಯ ನಿವಾರಣಾ ಕಚೇರಿ (ಹಂಗಾಮಿ)
ನಾಟಕದ ತಟ್ಟಿಯ ಹಿಂಬದಿ, ಗೋಕಾಕ

ಸುತ್ತೋಲೆ ಕ್ರಮಾಂಕ: ಸಂ.ನಿ./ಗೋ.ಮೂ.ಹು./17
(ಕ್ರಮಾಂಕ 16ರ ಬಗ್ಗೆಯೇ ಸಂಶಯ ಬಂದದ್ದರಿಂದ ಅದನ್ನು ರದ್ದುಪಡಿಸಲಾಗಿದೆ)
ದಿನಾಂಕ: 9 ಮಾರ್ಚ್ 1936

ವಿಷಯ: ಹದಿನೇಳು ತುಣುಕುಗಳ ಆಟ ಆಟವೇ ಹೌದೋ ಅಲ್ಲವೋ ಎಂಬಿತ್ಯಾದಿ.

ಉಲ್ಲೇಖ:
(1) ಕೆಳಗೆ ಸಹಿ ಮಾಡಿದವರ ನೆರೆಮನೆಯ ಜಿನ್ನವ್ವನವರು ಗೋಡೆಯಾಚೆಯಿಂದ ಸಲ್ಲಿಸಿದ ತಕರಾರು.
(2) ಹುಕ್ಕೇರಿ ರಸಿಕರು ಲಗ್ನಪತ್ರಿಕೆಯ ಹಿಂಬದಿಗೆ ಬರೆದ ಅರ್ಜಿ.
(3) ಮಾಸ್ತರರ ಮೌನ, ಕಳೆದ ಶುಕ್ರವಾರದ್ದು.

ಕಲ್ಲೋಳಿಯ ಲಗಮಪ್ಪ ಮಾಸ್ತರರು ನಲವತ್ತು ವರ್ಷ ಕಂಪನಿ ನಾಟಕಗಳನ್ನು ಕಲಿಸಿ, ಆಡಿಸಿ, ಈಗ ಮನೆಯಲ್ಲಿ ಕೂತಿರುತ್ತಾರೆ. ಅವರ ಹನ್ನೊಂದು ನಾಟಕಗಳಿಂದ ಹದಿನೇಳು ಪ್ರವೇಶಗಳನ್ನು ಆಯ್ದು, ಒಂದೇ ಆಟವಾಗಿ ಪೋಣಿಸಿ, ಯುಗಾದಿಯ ಮರುದಿನ ಅವರ ಗೌರವಾರ್ಥ ಆಡುವುದಾಗಿ ಹಳೆಯ ಶಿಷ್ಯರು ನಿಶ್ಚಯಿಸಿರುತ್ತಾರೆ. ತಲೆಬಾಲವಿಲ್ಲದ ಈ ಆಟದ ಬಗ್ಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರುಗಳಲ್ಲಿ ಸಂಶಯ ಹಬ್ಬಿರುತ್ತದೆ.

ಅದು ಹೋಗಲಿ. ಸುಳ್ಳು ನಟನೆ ಕಂಡರೆ ರಂಗದ ಪಕ್ಕದ ವಿಂಗಿನ ಮರೆಯಿಂದ "ಸುಳ್ಳ!" ಎಂದು ಗರ್ಜಿಸುವುದು ಸದರಿ ಮಾಸ್ತರರ ಜೀವಮಾನದ ಪದ್ಧತಿ. ಅಂಥವರು ಕಳೆದ ಶುಕ್ರವಾರ ತಾಲೀಮಿಗೆ ಬಂದು, ಹೂವಿನ ಕುರ್ಚಿಯಲ್ಲಿ ಕೂತು, ಒಮ್ಮೆಯೂ ಗರ್ಜಿಸದೆ, ಕೊನೆಗೆ "ಛಲೋ ಆತ್ರೆಪಾ" ಎಂದು ಕೈಮುಗಿದು ಹೊರಟುಹೋಗಿರುತ್ತಾರೆ. ಕೆಳಗೆ ಸಹಿ ಮಾಡಿದವರು, ಅಂದರೆ ಅವರ ಕೈಕೆಳಗೆ ಹನ್ನೊಂದು ವರ್ಷ ಮಹಾರಾಣಿಯಾಗಿದ್ದು ನಂತರ ತಾಲೂಕು ಕಚೇರಿಯ ಕಾರಕೂನರಾಗಿ ನಿವೃತ್ತರಾದ ವರ್ಧಮಾನ ಚೌಗಲಾ ಇವರಿಗೆ, ಅಂದಿನಿಂದ ಗಂಟಲಲ್ಲಿ ರೊಟ್ಟಿ ಇಳಿದಿರುವುದಿಲ್ಲ. ಮಾಸ್ತರರಿಗೆ ಆಟ ಖರೇನೇ ಹಿಡಿಸಿತೋ, ಅಥವಾ ಶಿಷ್ಯರೆಲ್ಲ ಬೈಸಿಕೊಳ್ಳಲಿಕ್ಕೂ ಲಾಯಕ್ಕಿಲ್ಲದವರಾದರೋ? ಇದೇ ಮೂಲ ಸಂಶಯ. ಇದು ಬಗೆಹರಿಯುವ ತನಕ ಉಳಿದವನ್ನಾದರೂ ಬಗೆಹರಿಸುವ ಸಲುವಾಗಿ ಸಮಸ್ತರಿಗೂ ಈ ಕೆಳಗಿನಂತೆ ತಿಳಿಸಲಾಗಿದೆ:

1. ಸಂಶಯ ಎಂದರೆ ಬಾಯಿಬಿಟ್ಟು ಕೇಳಿದ ಪ್ರಶ್ನೆ, ಲೊಚಗುಟ್ಟುವಿಕೆ, ಹುಬ್ಬೇರಿಸುವಿಕೆ, ಹಾಗೂ "ನೋಡೂಣಂತ ತಗೋರಿ" ಎಂಬ ಮಾತನ್ನು ಎಳೆದು ಹೇಳುವುದು. ಗಿಡ್ಡದಾಗಿ ಹೇಳಿದಲ್ಲಿ ಅದನ್ನು ಆಸಕ್ತಿಯೆಂದು ಪರಿಗಣಿಸಲಾಗುವುದು.

2. ಸಂಶಯಗಳನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಅಕ್ಷರ ಬಾರದವರು, ಸಂಶಯವೇ ಇಲ್ಲದ ಇಬ್ಬರು ಸಾಕ್ಷಿದಾರರ ಸಮಕ್ಷಮ ಬಾಯಿಂದ ಸಂಶಯಪಡಬಹುದು. ಅಂಥ ಇಬ್ಬರಿಗಾಗಿ ಮೂರೂ ಊರು ಜಾಲಾಡಲಾಗಿ, ಧುಪದಾಳದ ಒಡ್ಡಿನ ಮೇಲೆ ಕುರಿ ನಿಲ್ಲಿಸಿಕೊಂಡಿದ್ದ ಮಾಳಪ್ಪ ಎಂಬ ಒಬ್ಬನೇ ಸಿಕ್ಕಿರುತ್ತಾನೆ. ಆದ್ದರಿಂದ ಅವನು ಒಮ್ಮೆ ಕೂತು, ಒಮ್ಮೆ ನಿಂತು, ಇಬ್ಬರಾಗಿ ಸಾಕ್ಷಿ ಹಾಕತಕ್ಕದ್ದು.

3. ಎರಡನೆಯ ಪ್ರವೇಶದಲ್ಲಿ ರಾಜನಾಗಿ ಸಾಯುವ ನಟ ಶಿದ್ರಾಮನು ಮೂರನೆಯದರಲ್ಲಿ ಮದುಮಗನಾಗುತ್ತಾನೆ, ಐದನೆಯದರಲ್ಲಿ ತನಗೆ ತಾನೇ ಅತ್ತೆಯಾಗುತ್ತಾನೆ. ಇದಕ್ಕೆ ಯಾರೂ ಗಾಬರಿಯಾಗತಕ್ಕದ್ದಲ್ಲ. ಎರಡನೆಯ ಪ್ರವೇಶಕ್ಕೆ ಅಳುವವರು ಮೂರನೆಯದಕ್ಕೆ ಮೊದಲೇ ಅತ್ತು ಮುಗಿಸಬೇಕು. ಉಳಿದ ಅಳುವನ್ನು ಒಂಬತ್ತನೆಯ ಪ್ರವೇಶಕ್ಕೆ ಮುಂದೂಡಲು ಅವಕಾಶವಿದೆ.

4. ಒಂದು ಸಾವಿಗೆ ಎರಡಕ್ಕಿಂತ ಹೆಚ್ಚು 'ಒನ್ಸ್ ಮೋರ್' ಕೂಗತಕ್ಕದ್ದಲ್ಲ. ಸತ್ತವನು ಪ್ರತಿಸಲ ತಾನಾಗಿಯೇ ಎದ್ದು, ಧೋತರ ಸರಿಮಾಡಿಕೊಂಡು, ಮತ್ತೆ ಸಾಯಬೇಕು. ಕೊಂದವನು ಮೂರನೆಯ ಸಲ ಸಿಟ್ಟಾಗುವುದು ಐಚ್ಛಿಕ.

5. ಉಲ್ಲೇಖ (1)ರಲ್ಲಿ ಜಿನ್ನವ್ವನವರು, "ಹೋಳಿಗಿ, ಪಲ್ಯಾ, ಸಾರು ಎಲ್ಲಾ ಒಂದ ತಾಟಿನಾಗ ಕಲಿಸಿ ಹಾಕಿದ್ರ ಉಣ್ಣೂದು ಹೆಂಗ್ರಿ? ಏಳನೇದರಾಗ ಆ ಸೊಸಿ ಅಳಕೋತ ತವರಮನಿಗೆ ಹೋಗತಾಳ. ತಿರುಗಿ ಬರತಾಳೋ ಇಲ್ಲೋ ಅಷ್ಟ ಹೇಳ್ರಿ, ನನಗ ನಿದ್ದಿ ಹತ್ತಂಗಿಲ್ಲ" ಎಂದಿರುತ್ತಾರೆ. ಸದರಿ ಸೊಸೆ ತಿರುಗಿ ಬರುತ್ತಾಳೆಂದು ಕಚೇರಿ ಖಾತ್ರಿ ಮಾಡಿಕೊಂಡಿರುತ್ತದೆ. ಬೇಕಾದವರಿಗೆ ಸೊಸೆ ಮರಳಿದ ದಾಖಲೆಯನ್ನು ಬಾಗಿಲಲ್ಲೇ ಕೊಡಲಾಗುವುದು.

6. ತಮ್ಮೂರಲ್ಲಿ ಹೆಸರು ಮಾಡಿದ ಪ್ರವೇಶವನ್ನೇ ಬೇಕಂತಲೇ ಬಿಟ್ಟಿದ್ದಾರೆಂದು ಹುಕ್ಕೇರಿಯವರೂ ಮೂಡಲಗಿಯವರೂ ಸಂಶಯಪಟ್ಟಿರುತ್ತಾರೆ. ಇಬ್ಬರ ಸಂಶಯವೂ ಖರೆ. ಹುಕ್ಕೇರಿಯವರು ಎಡಕ್ಕೆ, ಮೂಡಲಗಿಯವರು ಬಲಕ್ಕೆ ಕೂಡತಕ್ಕದ್ದು. ಗೋಕಾಕಿನವರು ನಡುವೆ ಕೂತು ಎರಡೂ ಕಡೆಯ ಬೈಗುಳ ಕೇಳಿಕೊಳ್ಳತಕ್ಕದ್ದು.

7. ಮಹಾರಾಣಿಗೆ ಐವತ್ತೆಂಟು ವಯಸ್ಸು ಎಂಬುದು ಸಂಶಯವಲ್ಲ, ದಾಖಲೆ. ಮೀಸೆ ತೆಗೆಸಲು ಪತ್ನಿ ಕಮಲವ್ವನವರ ಮಂಜೂರಾತಿ ಕೋರಲಾಗಿ, "ತಗಸ್ರಿ, ಮೊದಲ ತಗಸ್ರಿ! ಮೂವತ್ತ ವರ್ಷದಿಂದ ಹೇಳಾಕತ್ತೇನಿ, ಅದು ನಿಮಗ ಒಪ್ಪಂಗಿಲ್ಲಂತ" ಎಂಬ ಷರಾ ಬಂದಿರುತ್ತದೆ.

8. ಸತ್ಕಾರಮೂರ್ತಿಗಳು ಮುಂದಿನ ಸಾಲಿನ ನಡುವೆ, ಹೂವಿನ ಕುರ್ಚಿಯಲ್ಲಿ, ಶಾಲು ಹೊದ್ದು, ಆಟ ಮುಗಿಯುವ ತನಕ ಗಂಭೀರವಾಗಿ ಕೂಡತಕ್ಕದ್ದು.

9. ಮೂವತ್ತೆರಡು ಸಂಶಯಗಳಿಗೆ ಸಾಕ್ಷಿ ಹಾಕಿದ ಬಳಿಕ ಕಲಂ 2ರ ಮಾಳಪ್ಪನಿಗೂ ಒಂದು ಸಂಶಯ ತಗಲಿರುತ್ತದೆ. ಅವನ ಜಬಾನಿ, ಅಂದರೆ ಬಾಯಿಹೇಳಿಕೆ, ಇದ್ದದ್ದು ಇದ್ದಂತೆ ಹೀಗಿದೆ: "ಸಾಹೇಬ್ರ, ನಾ ಸಣ್ಣಾಂವ ಇದ್ದಾಗಿಂದ ಮಾಸ್ತರ್ರ ಆಟ ನೋಡೇನಿ, ಮಾಸ್ತರ್ರನ್ನ ಒಮ್ಮಿನೂ ನೋಡಿಲ್ರಿ. ಅವ್ರು ಬಾಜೂಕ ಮರೀಗೆ ನಿಂತಿರತಿದ್ರು, ದನಿ ಅಷ್ಟ ಬರತಿತ್ತು. ನೀವು ಹೂವಿನ ಕುರ್ಚಿ ಹಾಕಿ ಬೀಗರನ್ನ ಕುಂಡ್ರಿಸಿದಂಗ ಕುಂಡ್ರಿಸೀರಿ. ಬೀಗರು ಉಣ್ಣಾಕ ಬಂದಾಗ ಅಡಗಿ ಛಲೋ ಆಗಿಲ್ಲಂತ ಯಾರರ ಅಂತಾರೇನ್ರಿ?"

ಇದನ್ನು ಬರೆದುಕೊಳ್ಳುತ್ತಿದ್ದ ಕಚೇರಿಯ ಕೈ ಅಲ್ಲೇ ನಿಂತಿತು. ಅಯ್ಯೋ, ಎಂಥ ಹುಚ್ಚು ಕೆಲಸ! ಮಾಸ್ತರರನ್ನು ಸತ್ಕಾರ ಮಾಡುತ್ತೇವೆಂದು ಬಾಯಿ ಕಟ್ಟಿ ಕೂರಿಸಿದ್ದು ಇದೇ ಕಚೇರಿ. ಕೆಳಗೆ ಸಹಿ ಮಾಡಿದವರು ಮೊದಲು ಅತ್ತು, ಆಮೇಲೆ ನಕ್ಕು, ಆಮೇಲೆ ನಾಲ್ಕು ರೊಟ್ಟಿ ತಿಂದದ್ದನ್ನು ಇಲ್ಲಿ ನಮೂದಿಸಲಾಗಿದೆ.

10. ಆದ್ದರಿಂದ ಕಲಂ 8ನ್ನು ತತ್‌ಕ್ಷಣದಿಂದ ರದ್ದುಪಡಿಸಿ ಆದೇಶಿಸಲಾಗಿದೆ. ಹೂವಿನ ಕುರ್ಚಿಯಲ್ಲಿ ಮಾಳಪ್ಪ ಕೂಡತಕ್ಕದ್ದು. ಎಡಗಡೆಯ ವಿಂಗನ್ನು ತೆರವು ಮಾಡಿ, ಅಲ್ಲಿ ಒಂದು ತಂಬಿಗೆ ನೀರು, ಒಂದು ಸ್ಟೂಲು ಇಡತಕ್ಕದ್ದು. ಮಾಸ್ತರರು ಸ್ಟೂಲಿನ ಮೇಲೆ ಕೂಡುವುದಿಲ್ಲ, ಆದರೂ ಇಡತಕ್ಕದ್ದು. ಹಾರವನ್ನು ಅಲ್ಲಿಯ ಮೊಳೆಗೆ ನೇತುಹಾಕತಕ್ಕದ್ದು. ಸತ್ಕಾರಮೂರ್ತಿಗಳು ಪ್ರೇಕ್ಷಕರಿಗೆ ಕಾಣಿಸುವುದಿಲ್ಲ. ಬಂದಿದ್ದಾರೋ ಇಲ್ಲವೋ ಎಂಬ ಸಂಶಯವುಳ್ಳವರು ಕಿವಿಗೊಟ್ಟು ಕೂಡತಕ್ಕದ್ದು.

(ಸಹಿ)
ವ. ಪಾ. ಚೌಗಲಾ
ಹಂಗಾಮಿ ಸಂಶಯ ನಿವಾರಣಾಧಿಕಾರಿ ಹಾಗೂ ಮಹಾರಾಣಿ

ಪ್ರತಿಗಳು:
1. ರಾಜ ಶಿದ್ರಾಮ ಇವರಿಗೆ, ಮೂರು ಪ್ರತಿ: ಮೃತ, ಮದುಮಗ, ಅತ್ತೆ.
2. ಜಿನ್ನವ್ವನವರಿಗೆ, ಗೋಡೆಯ ಮೇಲಿಂದ.
3. ಹುಕ್ಕೇರಿ ಮತ್ತು ಮೂಡಲಗಿ ರಸಿಕರಿಗೆ, ಬೇರೆಬೇರೆ ಚಕ್ಕಡಿಯಲ್ಲಿ.
4. ಮಾಳಪ್ಪನಿಗೆ, ಎರಡು ಪ್ರತಿ.
5. ಕಲ್ಲೋಳಿಯ ಲಗಮಪ್ಪ ಮಾಸ್ತರರಿಗೆ. ಇದನ್ನು ಟಪಾಲಿಗೆ ಹಾಕತಕ್ಕದ್ದಲ್ಲ. ಸಹಿ ಮಾಡಿದವರೇ ಖುದ್ದಾಗಿ ಒಯ್ದು, ಅಂಗಳದಲ್ಲಿ ನಿಂತು, ಮಹಾರಾಣಿಯ ದನಿಯಲ್ಲಿ ಓದಿ ಹೇಳತಕ್ಕದ್ದು. ಮುಟ್ಟಿದ್ದಕ್ಕೆ ರುಜು ಬೇಕಾಗಿಲ್ಲ, ಬೈದರೆ ಸಾಕು.