ಆಟ ಆಡಿಸಲು ಹೋದ ಪಿ.ಟಿ. ಮಾಸ್ತರ

ಮಾನ್ವಿಯಲ್ಲಿ ಹದಿನೆಂಟು ವರ್ಷಗಳಿಂದ ಪಿ.ಟಿ. ಮಾಸ್ತರನಾಗಿರುವ ನನಗೆ, ಮಕ್ಕಳನ್ನು ಆಟ ಆಡಿಸುವುದು ಹೇಗೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗೆಂದು ನಾನು ನಂಬಿದ್ದೆ!

ನಮ್ಮ ಮಗಳು ಭೂಮಿಗೆ ನಾಲ್ಕೂವರೆ ವರ್ಷ. ಆಟಿಸಂ ಇದೆ. ಮಾತು ಬರುತ್ತದೆ, ಆದರೆ ತನ್ನಷ್ಟಕ್ಕೆ ತಾನೇ ಗುನುಗುತ್ತಾಳೆ, ಯಾರಿಗೂ ಹೇಳುವುದಿಲ್ಲ. ನೀರು ಬೇಕಾದರೆ ನಮ್ಮ ಕೈ ಹಿಡಿದು ಕೊಡದ ಹತ್ತಿರ ಎಳೆಯುತ್ತಾಳೆ. ಅವಳು ಒಂದೇ ಒಂದು ಸಲ ನನ್ನ ಮುಖ ನೋಡಿ ಏನಾದರೂ ಹೇಳಲಿ ಎಂಬುದು ನನ್ನ ಆಸೆ.

ರಾಯಚೂರಿನ ಥೆರಪಿ ಮೇಡಂ, "ನಾಕು ಮಕ್ಕಳ ಜೊತಿ ಆಡಸ್ರಿ. ಏನಾರ ಕೇಳಿದ ಮ್ಯಾಲ ಹತ್ತು ಎಣಿಸೋತನಕ ಕಾಯ್ರಿ, ಅವಸರ ಮಾಡಬ್ಯಾಡ್ರಿ" ಎಂದರು.

"ಇಷ್ಟೇ ಏನ್ರಿ ಮೇಡಂ? ನನ್ನ ನೌಕರಿನೇ ಅದಲ್ರಿ!" ಎಂದು ಎದೆಯುಬ್ಬಿಸಿ ಬಸ್ಸು ಹತ್ತಿದೆ.

ಭಾನುವಾರ ಓಣಿಯ ನಾಲ್ಕು ಮಕ್ಕಳನ್ನು ಅಂಗಳದಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಭೂಮಿಯ ಕೈಗೆ ಚೆಂಡು ಕೊಟ್ಟು, "ಯಾರಿಗೆ ಕೊಡ್ತಿ?" ಎಂದೆ. ಮೇಡಂ ಅವರ ಆಜ್ಞಾನುಸಾರ ಹತ್ತು ಎಣಿಸತೊಡಗಿದೆ. ಮೈದಾನದ ಧ್ವನಿಯಲ್ಲಿ! "ಒಂದ್! ಎರಡ್! ಮೂರ್!" ಎನ್ನುತ್ತಲೇ ನಾಲ್ಕೂ ಮಕ್ಕಳು ಕೈ ಮೇಲೆತ್ತಿ ಕವಾಯತು ಶುರು ಮಾಡಿದರು. ನಿಲ್ಲಿಸಲು ಸೀಟಿ ಊದಿದೆ. ಭೂಮಿ ಕಿವಿ ಮುಚ್ಚಿಕೊಂಡು ಒಳಗೆ ಓಡಿ ಮಂಚದ ಕೆಳಗೆ ಸೇರಿದಳು. ಸೀಟಿ ಬಾಯಲ್ಲಿಟ್ಟುಕೊಂಡೇ ನಾನು ಹಿಂದೆ ಓಡಿದೆ.

ಹೆಂಡತಿ ಶಾಂತಮ್ಮ ಸೀಟಿ ಕಿತ್ತುಕೊಂಡಳು. "ಇದು ಸಾಲಿ ಅಲ್ರಿ, ಮನಿ! ಮನಸಿನ್ಯಾಗ ಎಣಿಸಬೇಕು!"

ಮುಂದಿನ ವಾರ ಬಸ್ಸಿನ ಆಟ. ಹಗ್ಗದ ಎರಡೂ ತುದಿ ಸೇರಿಸಿ ಗಂಟು ಹಾಕಿದರೆ ಅದೇ ಬಸ್ಸು, ಮಕ್ಕಳೆಲ್ಲ ಅದರೊಳಗೆ. ಪಕ್ಕದ ಮನೆಯ ಎಂಟು ವರ್ಷದ ರುಖಿಯಾ ಡ್ರೈವರ್. ಅವಳ ಹಿಂದೆ ಭೂಮಿ. ನಾನೂ ಹಗ್ಗದೊಳಗೆ ನುಗ್ಗಿ ಕಂಡಕ್ಟರ್ ಆದೆ, ಸ್ವಯಂ ನೇಮಕ!

"ಭೂಮವ್ವ, ಎಲ್ಲಿಗೆ? ರಾಯಚೂರಿಗೇನು? ದೇವದುರ್ಗಕ್ಕೇನು? ಹಾಂ, ರಾಯಚೂರು! ತಗೋ ಟಿಕೆಟ್!" ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ.

"ಸರ್, ನೀವು ಸುಮ್ಕಿದ್ರ ಆಕಿ ಹೇಳ್ತಾಳ್ರಿ" ಎಂದ ರುಖಿಯಾ ಬಸ್ಸು ನಿಲ್ಲಿಸಿ ಸುಮ್ಮನೆ ನಿಂತಳು. ಎಲ್ಲರೂ ನಿಂತರು. ನಾನು ತುಟಿ ಕಚ್ಚಿ ಹಿಡಿದೆ.

ಭೂಮಿ ಹಗ್ಗ ನೋಡಿದಳು. ರುಖಿಯಾಳ ಜಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿ, ನನ್ನ ಹೊಟ್ಟೆಗೆ ಕೈಯಿಟ್ಟು ತಳ್ಳುತ್ತಾ, "ಯಪ್ಪಾ, ಇಳಿ" ಎಂದಳು.

ನನಗೆ ಹೇಳಿದಳು! ನನಗೇ! ನನ್ನ ಕಣ್ಣು ತುಂಬಿ ಬಂತು. ಶಾಂತಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನು ಇಳಿದೆ. ಆಸೆ ಹೆಚ್ಚಾಗಿ, "ಭೂಮವ್ವ, ಮತ್ತ ಹತ್ತಲೇನು?" ಎಂದು ಕೇಳಿ ಕಾದೆ.

"ಜಾಗಿಲ್ಲ."

ಕೇಳಿದ್ದಕ್ಕೆ ಉತ್ತರ! ಅದೂ ತಕ್ಕ ಉತ್ತರ! ರುಖಿಯಾ "ರೈಟ್, ರೈಟ್!" ಎಂದಳು, ಬಸ್ಸು ಹೊರಟೇಬಿಟ್ಟಿತು.

ಈಗ ನಮ್ಮ ಓಣಿಯಲ್ಲಿ ದಿನಾ ಸಂಜೆ ಬಸ್ಸು ಓಡುತ್ತದೆ. ಭೂಮಿ ಒಂದು ದಿನ ಮಾತಾಡುತ್ತಾಳೆ, ಒಂದು ದಿನ ಇಲ್ಲ. ಆದರೆ ಬಸ್ಸು ತಪ್ಪಿಸುವುದಿಲ್ಲ. ಬಹಳ ಬೇಡಿಕೊಂಡ ಮೇಲೆ ನನಗೂ ಒಂದು ಪಾತ್ರ ಕೊಟ್ಟಿದ್ದಾರೆ. ನಾನು ಬಸ್‌ಸ್ಟಾಪಿನ ಕಂಬ. ಕಂಬ ಮಾತಾಡುವಂತಿಲ್ಲ!